ಕೋಳಿಕಾಲು ಗುರುತಿನ ಸೌದೆ

ಒಂದಾನೊಂದು ಬೆಟ್ಟದ ಹೆಗಲ ಮೇಲೆ ಒಂದು ಒಲೆ ಇತ್ತಂತೆ. ರಾಕ್ಷಸನ ಬಾಯಿಯಷ್ಟು ಅಗಲ, ಉಂಡವನ ಹೊಟ್ಟೆಯಷ್ಟು ದುಂಡು. ಚಳಿಗಾಲ ಬಂತೆಂದರೆ ದಿನಕ್ಕೊಂದು ಮರ ತಿಂದು ತೇಗುತ್ತಿತ್ತಂತೆ. ತೇಗಿದಾಗಲೆಲ್ಲ ಬಾಯಿಂದ ಒಂದೊಂದು ಬಿಸಿ ರೊಟ್ಟಿ ಹೊರಗೆ ಬೀಳುತ್ತಿತ್ತಂತೆ. ಆ ರೊಟ್ಟಿ ತಿನ್ನಲು ಏಳು ನಾಡಿನ ಜನ ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುತ್ತಾ ಬರುತ್ತಿದ್ದರಂತೆ. ಒಂದು ಚಳಿಗಾಲ ಯಾರೋ ಆ ಒಲೆಯ ಬಾಯಿಂದ ತುತ್ತು ಕಸಿಯತೊಡಗಿದರು. ಆಗ ಒಬ್ಬ ಅಧಿಕಾರಿ, ಶನಿವಾರ ಸಂಜೆಯೊಳಗೆ ಕಳ್ಳನನ್ನು ಹಿಡಿದುಕೊಡುತ್ತೇನೆಂದು ಒಬ್ಬ ಹೆಂಗಸಿಗೆ ಮಾತು ಕೊಟ್ಟ.

ಅಜ್ಜಿಯರು ಹೇಳಬಹುದಾದ ಭಾಗ ಇಷ್ಟೇ. ಉಳಿದದ್ದು ಪ್ರಾದಲ್ತ ಎಂಬ ಬೆಟ್ಟದೂರಿನ ಪೊಲೀಸ್ ಠಾಣೆಯ ಕಡತದಲ್ಲಿದೆ.

ಫೆಬ್ರವರಿ 9, ಸೋಮವಾರ. ಬೆಳಿಗ್ಗೆ 9 ಗಂಟೆ 10 ನಿಮಿಷ.

ಇನ್ಸ್‌ಪೆಕ್ಟರ್ ಎಫೀಸ್ಯೊ ಮೆಲಿಸ್ ಅಷ್ಟರಲ್ಲಾಗಲೇ ಮೂರು ದೂರು ಬರೆದುಕೊಂಡಿದ್ದರು. ಒಬ್ಬ ಜರ್ಮನ್ನನ ಎಡಗೈ ಗವಸು ಕಳೆದಿತ್ತು. ಮಿಲಾನಿನ ಇಬ್ಬರು ಅಣ್ಣತಮ್ಮಂದಿರು ಒಬ್ಬರ ಸ್ಕೀ ಇನ್ನೊಬ್ಬರು ಕದ್ದರೆಂದು ಬಂದಿದ್ದರು. ಮೂರನೆಯವಳು, ಜಾಹೀರಾತಿನಲ್ಲಿ ತೋರಿಸಿದಷ್ಟು ಹಿಮ ಈ ಊರಿನಲ್ಲಿಲ್ಲ, ಇದು ಮೋಸ, ಎಫ್‌ಐಆರ್ ಹಾಕಿ ಎಂದಿದ್ದಳು. ಮೆಲಿಸ್ ಸಮುದ್ರದ ನಡುವಿನ ಸಾರ್ದೇನ್ಯ ದ್ವೀಪದವರು. ಎಂಟು ವರ್ಷದ ಹಿಂದೆ ವರ್ಗವಾಗಿ ಬಂದವರಿಗೆ ಹಿಮದ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ.

ನಾಲ್ಕನೆಯವನು ಬೂಟಿನ ಹಿಮವನ್ನೆಲ್ಲ ಠಾಣೆಯ ನೆಲಕ್ಕೆ ಕೊಡವುತ್ತಾ ಬಂದ. ಊರ ಮೇಲಿನ ಇಳಿಜಾರಿನ ಬುಡದಲ್ಲಿ ‘ಗೀರೊ’ ಎಂಬ ಪಿಜ್ಜಾ ಹೋಟೆಲು ನಡೆಸುವ ಸಾಬಾತೊ ಯಾಂದೊಲಿ. ದಕ್ಷಿಣದ ಅವೆಲ್ಲೀನೊ ಸೀಮೆಯವನು. ಇಪ್ಪತ್ತು ಚಳಿಗಾಲ ಇಲ್ಲಿ ಕಳೆದರೂ ಮಾತಿನ ಜೋರು ಹಾಗೆಯೇ ಇತ್ತು.

"ಬರ್ಕಳಿ ಸಾಮಿ. ಕಳ್ತನ."

"ಏನು ಕಳುವಾಗಿದೆ?"

"ಸೌದೆ."

ಮೆಲಿಸ್ ಪೆನ್ನು ಕೆಳಗಿಟ್ಟರು. "ಸಾಬಾತೊ, ಈ ಊರಿನ ಸುತ್ತ ಕಣ್ಣು ಹಾಯೋವಷ್ಟು ದೂರ ಬರೀ ಕಾಡಿದೆ."

"ಅದು ಮುಕ್ಕಾಲು ರಾಳದ ಮರ. ನನ್ನದು ಬೀಚ್ ಮರ, ರಾಳ ಇಲ್ದಿರೋದು. ಎರಡು ವರ್ಸ ಒಣಗಿದ್ದು. ಐದು ವಾರದಿಂದ ದಿನಾ ಐದೋ ಆರೋ ಕೊರಡು ಮಾಯ. ಇನ್ನೂರರ ಹತ್ರ ಹೋಯ್ತು. ಬೀಚ್ ಸಾಲ್ದೆ ರಾಳದ ಸೌದೆ ಬೆರಸಿದೀನಿ. ಪಿಜ್ಜಾ ತಿಂದೋರು ಏನಂತಾರೆ ಗೊತ್ತಾ? ಕೆಮ್ಮಿನ ಔಷಧಿ ವಾಸ್ನೆ ಅಂತಾರೆ! ನಮ್ಮಪ್ಪನ ಒಲೆ ಮುಂದೆ ಯಾವನಾದ್ರೂ ಈ ಮಾತು ಆಡಿದ್ರೆ ಸಲಿಕೇಲೇ ಎತ್ತಿ ಒಳಗಾಕೋನು."

"ಯಾರ ಮೇಲೆ ಅನುಮಾನ?"

ಸಾಬಾತೊ ತಟ್ಟನೆ ಹೇಳಿದ. "ವಯೋರಿಕ. ಪಾತ್ರೆ ತೊಳೆಯೋಳು. ಶನಿವಾರ ಪ್ರೇಮಿಗಳ ದಿನ, ಅರವತ್ತು ಮೇಜು ಮುಂಗಡ ಆಗೈತೆ. ಅಷ್ಟರೊಳಗೆ ಕಳ್ಳ ಸಿಗದಿದ್ರೆ ಅವಳನ್ನ ಕಳಿಸ್ತೀನಿ. ಅಷ್ಟೇ."

"ನಿನ್ನ ಹೆಸರೂ ಶನಿವಾರ, ನಿನ್ನ ಗಡುವೂ ಶನಿವಾರ," ಎಂದರು ಮೆಲಿಸ್. ಸಾಬಾತೊ ಎಂದರೆ ಅಲ್ಲಿಯವರ ಮಾತಿನಲ್ಲಿ ಶನಿವಾರವೇ.

"ಶನಿ ಹಿಡ್ದಿರೋದು ನನ್ನ ಸೌದೆ ಮನೆಗೆ ಸಾಮಿ. ಬರ್ಕಳಿ."

ಎಫ್‌ಐಆರ್ ದಾಖಲಾಯಿತು. ಶಂಕಿತರ ಕಾಲಂನಲ್ಲಿ ವಯೋರಿಕ ಎಂಬ ಹೆಸರು ಬಿತ್ತು.

11 ಗಂಟೆಗೆ ಮೆಲಿಸ್, ಕಾನ್‌ಸ್ಟೇಬಲ್ ಓರ್ನೆಲ್ಲ ಫುರ್ಲಾನ್ ಜೊತೆ ಸ್ಥಳ ಪಂಚನಾಮೆಗೆ ಹೋದರು. ಸೌದೆ ಮನೆ ಹೋಟೆಲಿನ ಬೆನ್ನಿಗೆ ಅಂಟಿಕೊಂಡಿತ್ತು. ಬೀಗ ಒಡೆದಿರಲಿಲ್ಲ. ಬೀಗದ ಕೈ ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಗೆ ನೇತುಬಿದ್ದಿತ್ತು. ಹೆಜ್ಜೆ ಗುರುತು ಹುಡುಕೋಣವೆಂದರೆ ಬೆಳಿಗ್ಗೆ ಆರಕ್ಕೇ ಹಿಮ ಬಾಚುವ ಯಂತ್ರ ಬಂದು ಅಂಗಳವನ್ನು ತಟ್ಟೆಯಂತೆ ನುಣ್ಣಗೆ ಮಾಡಿ ಹೋಗಿತ್ತು.

"ಬೀಗದ ಕೈ ಯಾರ್ಯಾರಿಗೆ ಸಿಗುತ್ತೆ?"

"ನನಗೆ. ವಯೋರಿಕಂಗೆ. ಬಡಿಸೋ ಅಲ್ಬೀನಂಗೆ. ಅಲ್ಬೀನ ಈ ಊರಿನ ಮಗಳು, ಹನ್ನೊಂದು ವರ್ಸದಿಂದ ನನ್ನ ಹತ್ರ ಅವಳೆ, ಒಂದು ಚಮಚ ಆಚೀಚೆ ಆಗಿಲ್ಲ. ಅವಳನ್ನ ಕೇಳ್ಬೇಡಿ, ನೊಂದ್ಕತಾಳೆ. ಅವರಪ್ಪ ತೀರ್ಕಂಡು ನಾಕು ತಿಂಗಳಾಗಿಲ್ಲ."

ವಯೋರಿಕ ನಲವತ್ತೊಂಬತ್ತರ ಗಟ್ಟಿ ಹೆಂಗಸು. ಮೊಲ್ದೋವಾ ದೇಶದವಳು. ತೊಟ್ಟಿಯ ಮುಂದೆ ನಿಂತು ಈರುಳ್ಳಿ ಹೆಚ್ಚುತ್ತಿದ್ದಳು.

"ಸೌದೆ ತಗೊಂಡ್ಯಾ?"

"ನನ್ನ ರೂಮಲ್ಲಿ ಕರೆಂಟ್ ಹೀಟರ್ ಇದೆ. ಸೌದೆ ತಗೊಂಡು ಹಾಸಿಗೆ ಮೇಲೆ ಮಲಗಿಸ್ಕೊಳ್ಲಾ?"

"ಕೇಳಿದ್ದಕ್ಕೆ ಉತ್ತರ ಹೇಳಮ್ಮ."

"ಇಲ್ಲ. ಬರ್ಕೊಳ್ಳಿ ಸಾರ್, ದೊಡ್ಡ ಅಕ್ಷರದಲ್ಲಿ. ಮುಂದಿನ ತಿಂಗಳು ನನ್ನ ವಾಸದ ಪರವಾನಗಿ ಮುಗಿಯುತ್ತೆ. ಕೆಲಸದ ಪತ್ರ ಇಲ್ದೆ ಅದನ್ನ ಮುಂದುವರಿಸಲ್ಲ. ಸಾಬಾತೊ ಶನಿವಾರ ನನ್ನ ಕಳಿಸಿದ್ರೆ ನಾನು ವಾಪಸ್ ಊರಿಗೇ. ಒಂಬತ್ತು ವರ್ಷ ಇಲ್ಲಿ ತಟ್ಟೆ ತೊಳೆದು, ಕೊನೆಗೆ ಕಟ್ಟಿಗೆ ಕಳ್ಳಿ ಅನ್ನಿಸ್ಕೊಂಡು ಹೋಗ್ಬೇಕು."

ಅವಳ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಮೆಲಿಸ್‌ಗೆ ರೇಗಿತು. ಯಾರ ಮೇಲೆ ಎಂದು ಅವರಿಗೇ ತಿಳಿಯಲಿಲ್ಲ.

"ಆಯ್ತಮ್ಮ! ಶನಿವಾರ ಸಂಜೆಯೊಳಗೆ ಕಳ್ಳನ್ನ ಹಿಡಿದುಕೊಡ್ತೀನಿ. ಮಾತು ಕೊಟ್ಟಿದೀನಿ. ಈಗ ಅಳೋದು ನಿಲ್ಸು."

"ಅಳ್ತಿಲ್ಲ ಸಾರ್. ಈರುಳ್ಳಿ," ಎಂದಳು ವಯೋರಿಕ. "ಆದ್ರೆ ಮಾತು ಮಾತೇ."

ಫೆಬ್ರವರಿ 10, ಮಂಗಳವಾರ.

ವಯೋರಿಕಳ ಕೋಣೆ ಶೋಧಿಸಲಾಯಿತು. ಹೀಟರ್ ಇತ್ತು, ಸೌದೆ ಇರಲಿಲ್ಲ, ಒಂದು ಚೂರು ತೊಗಟೆಯೂ ಸಿಗಲಿಲ್ಲ. "ಮಾರಿರ್ತಾಳೆ," ಎಂದ ಸಾಬಾತೊ. ಯಾರಿಗೆ ಎಂದರೆ, ಅದನ್ನು ಪತ್ತೆ ಮಾಡುವುದು ಪೊಲೀಸರ ಕೆಲಸ ಎಂದ.

ಮಧ್ಯಾಹ್ನ ಮೆಲಿಸ್ ಬೋರ್ತೊಲೊ ಸೊರಾರೂ ಮನೆಗೆ ಹೋದರು. ಎಂಬತ್ತರ ಈ ಮುದುಕ ಊರಿನ ಒಲೆಕೂಟದ ಹಿರಿಯ. ಪ್ರಾದಲ್ತದ ಕಾಡು ಸರ್ಕಾರದ್ದಲ್ಲ, ಯಾರೊಬ್ಬರದೂ ಅಲ್ಲ. ಹಳೆಯ ಮೂವತ್ತೊಂದು ಮನೆಗಳ ಕೂಟದ್ದು. ಪ್ರತಿ ಶರತ್ಕಾಲದಲ್ಲಿ ಮನೆಗೊಂದು ಪಾಲು ಬೀಚ್ ಮರ.

"ಬೋರ್ತೊಲಜ್ಜ, ಈ ಊರಲ್ಲಿ ಸೌದೆ ಕದಿಯೋರು ಯಾರಾದ್ರೂ ಇದಾರಾ?"

"ಇಲ್ಲ."

"ಯಾರ ಮೇಲಾದ್ರೂ ಸಂಶಯ?"

"ಈ ಊರಲ್ಲಿ ಸೌದೆ ಯಾರೂ ಕದಿಯಲ್ಲ."

"ಇನ್ನೂರು ಕೊರಡು ಹೋಗಿದೆ ಅಜ್ಜ."

"ಹೋಗಿರ್ಬಹುದು. ಕದ್ದಿಲ್ಲ." ಮುದುಕ ಬಾಗಿಲು ಹಾಕಿಕೊಂಡ. ಮೆಲಿಸ್ ಇಳಿದು ಬರುವಾಗ ಎರಡು ಸಲ ಜಾರಿದರು, ಒಂದು ಸಲ ಬಿದ್ದರು.

ಸಂಜೆ ಫುರ್ಲಾನ್ ಸೌದೆ ಮನೆಯ ಮುಂಸಾಲಿನ ನೂರು ಕೊರಡುಗಳ ತುದಿಗೆ ಪೆನ್ಸಿಲಿನಿಂದ ಒಂದರಿಂದ ನೂರರವರೆಗೆ ಸಂಖ್ಯೆ ಬರೆದಳು. ಸಾಬಾತೊ ಆ ಸಾಲನ್ನು ಮುಟ್ಟುವುದಿಲ್ಲವೆಂದು ತನ್ನ ತಾಯಿಯ ಮೇಲೆ ಆಣೆ ಇಟ್ಟ.

ಫೆಬ್ರವರಿ 11, ಬುಧವಾರ.

ಬೆಳಿಗ್ಗೆ ನೂರೂ ಇದ್ದವು. ಅಂದರೆ ರಾತ್ರಿ ಯಾರೂ ಬಂದಿಲ್ಲ. ಹೋಟೆಲು ಮಧ್ಯಾಹ್ನ ಮೂರರಿಂದ ಆರರವರೆಗೆ ಮುಚ್ಚಿರುತ್ತದೆ. ಫುರ್ಲಾನ್‌ಳನ್ನು ಮೂರಕ್ಕೆ ಮಫ್ತಿಯಲ್ಲಿ ಅಂಗಳದೆದುರಿನ ಸ್ಕೀ ನಿಲ್ಲಿಸಿಡುವ ಕಂಬಿಯ ಹಿಂದೆ ನಿಲ್ಲಿಸಲಾಯಿತು. ಐದಕ್ಕೆ ಅವಳು ಠಾಣೆಗೆ ಬಂದಾಗ ಮೂಗು ಟೊಮೆಟೊದಂತಾಗಿತ್ತು.

"ವರದಿ."

"ಮೂರು ಗಂಟೆ ಐದು ನಿಮಿಷ, ಅಲ್ಬೀನ ಮೇಜುಬಟ್ಟೆ ಬುಟ್ಟಿ ಹಿಡ್ಕೊಂಡು ಹೊರಗೆ ಹೋದ್ರು, ಒಗೆಯೋಕೆ. ಮೂರೂವರೆ, ವಯೋರಿಕ ಕಸ ಹಾಕಿದ್ರು. ಮೂರೂ ನಲವತ್ತು, ಒಬ್ಬ ಆಸ್ಟ್ರಿಯಾದವನು ನನ್ನ ಸ್ಕೀ ಕದಿಯೋಕೆ ನಿಂತಿದ್ದೀಯಾ ಅಂತ ನನ್ನ ಹಿಡ್ಕೊಂಡ. ಆಮೇಲೆ ಯಾರೂ ಇಲ್ಲ."

"ಸೌದೆ?"

"ಆರು ಕೊರಡು ಕಮ್ಮಿ, ಸಾರ್."

ಮೆಲಿಸ್ ಟೋಪಿ ತೆಗೆದು ಮೇಜಿನ ಮೇಲೆ ಬಡಿದರು. "ನೀನು ನೋಡ್ತಾ ನಿಂತಿರೋವಾಗ್ಲೇ!"

"ನಾಲ್ಕು, ಹನ್ನೊಂದು, ಇಪ್ಪತ್ತಾರು, ಐವತ್ತೆಂಟು, ಐವತ್ತೊಂಬತ್ತು, ಎಂಬತ್ಮೂರು. ಅದೇ ನನಗೆ ಅರ್ಥ ಆಗ್ತಿಲ್ಲ. ಕಳ್ಳ ಆದವನು ಬಾಗಿಲ ಹತ್ರ ಇರೋದನ್ನ ಬಾಚ್ಕೊಂಡು ಓಡ್ತಾನೆ. ಇವನು ಮಾವಿನಹಣ್ಣು ಆರಿಸಿದ ಹಾಗೆ ಆರಿಸಿದಾನೆ."

ಗುರುವಾರವೂ ಅದೇ ಕತೆ. ಮೂರೂ ಐದಕ್ಕೆ ಅಲ್ಬೀನ, ಬುಟ್ಟಿ. ಮೂರೂವರೆಗೆ ವಯೋರಿಕ, ಕಸ. ಐದು ಕೊರಡು ಕಮ್ಮಿ, ಸಾಲಿನ ನಡುನಡುವಿನಿಂದ. ಸಾಬಾತೊ ಫೋನ್ ಮಾಡಿ, ಪೊಲೀಸರು ಕಾಯುವ ಬದಲು ತಾನೊಂದು ನಾಯಿ ಕಟ್ಟಿದ್ದರೆ ಅದು ಬೊಗಳಿಯಾದರೂ ಬೊಗಳುತ್ತಿತ್ತು ಎಂದ.

ಫೆಬ್ರವರಿ 13, ಶುಕ್ರವಾರ. ಸಂಜೆ 6 ಗಂಟೆ 30 ನಿಮಿಷ.

ಮೆಲಿಸ್ ಮತ್ತು ಫುರ್ಲಾನ್ ‘ಗೀರೊ’ದಲ್ಲಿ ಊಟಕ್ಕೆ ಕುಳಿತರು. ಒಳಗಿನವರನ್ನು ಒಳಗಿಂದಲೇ ನೋಡೋಣವೆಂಬುದು ಕಾರಣ. ಠಾಣೆಯ ಹೀಟರ್ ಕೆಟ್ಟಿದ್ದು ಇನ್ನೊಂದು ಕಾರಣ, ಅದು ಕಡತದಲ್ಲಿಲ್ಲ.

ಕೋಣೆಯ ಗೋಡೆಗೆಲ್ಲ ಮರದ ಹಲಗೆ. ಇಪ್ಪತ್ತು ವರ್ಷದ ಹೊಗೆ ಕುಡಿದು ಜೇನಿನ ಬಣ್ಣಕ್ಕೆ ತಿರುಗಿತ್ತು. ಕಿಟಕಿಯಾಚೆ ಹಿಮ ನೀಲಿಯಾಗುತ್ತಿತ್ತು. ಬಾಗಿಲ ಬಳಿ ಒದ್ದೆ ಕಾಲುಚೀಲಗಳು ಸಾಲಾಗಿ ಒಣಗುತ್ತಿದ್ದವು, ಮಕ್ಕಳು ಕೆಂಪು ಕೆನ್ನೆಯಲ್ಲಿ ತೂಕಡಿಸುತ್ತಾ ಚೀಸಿನ ಎಳೆ ಎಳೆಯುತ್ತಿದ್ದರು. ಕೋಣೆಯ ತುದಿಯಲ್ಲಿ ಆ ದೊಡ್ಡ ಬಾಯಿಯ ಒಲೆ, ಅದರ ಮುಂದೆ ಬೆವರಿನಲ್ಲಿ ಹೊಳೆಯುತ್ತಿದ್ದ ಸಾಬಾತೊ. ಕಣಕ ಗಾಳಿಯಲ್ಲಿ ಒಮ್ಮೆ ಚಂದ್ರನಾಗಿ ತಿರುಗಿ ಸಲಿಕೆಯ ಮೇಲೆ ಬೀಳುವುದನ್ನು ನೋಡುತ್ತಾ ಕುಳಿತರೆ ಎಂಥವನಿಗೂ ಎಲ್ಲವನ್ನೂ ಕ್ಷಮಿಸೋಣ ಎನ್ನಿಸುತ್ತಿತ್ತು. ಪಿಜ್ಜಾ ಬಾಯಿಗಿಡುವ ತನಕ.

"ನಿಜವಾಗ್ಲೂ ಕೆಮ್ಮಿನ ಔಷಧಿ, ಸಾರ್," ಎಂದಳು ಫುರ್ಲಾನ್ ಪಿಸುಮಾತಿನಲ್ಲಿ.

"ತಿನ್ನು."

ಪಕ್ಕದ ಮೇಜಿನಲ್ಲಿ ಬೋರ್ತೊಲಜ್ಜ ಒಬ್ಬನೇ ಕುಳಿತಿದ್ದ. ಶುಕ್ರವಾರಕ್ಕೊಮ್ಮೆ ಬಂದು ಪಿಜ್ಜಾದ ನಡುಭಾಗ ಬಿಟ್ಟು ಅಂಚು ಮಾತ್ರ ತಿಂದು ಹೋಗುವುದು ಅವನ ರೂಢಿ. ಸಾಬಾತೊ ಅದನ್ನು ವೈಯಕ್ತಿಕ ಅವಮಾನವೆಂದು ತಿಳಿದಿದ್ದ.

6 ಗಂಟೆ 50 ನಿಮಿಷಕ್ಕೆ ಸಾಬಾತೊ ಒಂದು ಕೊರಡನ್ನೆತ್ತಿ ಒಲೆಯ ಬಾಯಿಗೆ ಹಿಡಿದ. ಬೆಳಕು ಅದರ ತೊಗಟೆಯ ಮೇಲೆ ಬಿತ್ತು. ಬೋರ್ತೊಲಜ್ಜ ಕುರ್ಚಿ ಕೆಡವಿಕೊಂಡು ಎದ್ದ.

"ಏಯ್! ಹಾಕ್ಬೇಡ! ಅದು ದಾಪೊಂತ್ ಮನೆ ಸೌದೆ!"

ಸಾಬಾತೊ ಕೊರಡು ಹಿಡಿದೇ ನಿಂತ. "ಯಾರ ಮನೆದೂ ಅಲ್ಲ, ನಂದು! ಎರ್ಮೆಸ್ ದಾಪೊಂತನ ಮರದ ಡಿಪೋದಿಂದ ತಂದಿದ್ದು, ರಸೀದಿ ಐತೆ!"

"ಕೋಳಿಕಾಲು ನೋಡು!"

"ಯಾವ ಕೋಳಿ?"

ಮೆಲಿಸ್ ಎದ್ದು ಹೋಗಿ ಕೊರಡನ್ನು ಕೈಗೆ ತೆಗೆದುಕೊಂಡರು. ತೊಗಟೆಯ ಮೇಲೆ ಕೊಡಲಿಯಿಂದ ಕಚ್ಚಿದ ಮೂರು ಗೆರೆ, ಬುಡದಲ್ಲಿ ಕೂಡಿದ್ದವು. ನಿಜಕ್ಕೂ ಕೋಳಿಯ ಹೆಜ್ಜೆಯಂತಿತ್ತು. ಸಾಬಾತೊ ಇಷ್ಟು ದಿನ ಅದನ್ನು ಕೊಡಲಿ ಜಾರಿದ ಗಾಯ ಎಂದುಕೊಂಡಿದ್ದ. ಪಂಚನಾಮೆಯಲ್ಲಿ ಮೆಲಿಸ್ ಕೂಡ ಹಾಗೆಯೇ ಬರೆದಿದ್ದರು.

ಅವರ ಬೆನ್ನ ಹಿಂದೆ ಅಲ್ಬೀನ ಎರಡು ತಟ್ಟೆ ಹಿಡಿದು ನಿಂತಿದ್ದಳು. ಐವತ್ತನಾಲ್ಕರ ತೆಳ್ಳನೆಯ ಹೆಂಗಸು, ನರೆಗೂದಲನ್ನು ಬಿಗಿಯಾಗಿ ಕಟ್ಟಿದ್ದಳು. ಅವಳು ಕೊರಡನ್ನು ನೋಡಿದಳು, ಮೆಲಿಸ್‌ರನ್ನು ನೋಡಿದಳು.

"ಅಣಬೆದು ಯಾರಿಗೆ?" ಎಂದು ಕೇಳಿ, ಕೈಯೆತ್ತಿದವರ ಮುಂದೆ ತಟ್ಟೆ ಇಟ್ಟು ಒಳಗೆ ಹೋದಳು.

ಮೆಲಿಸ್ ತಮ್ಮ ಕುರ್ಚಿಯನ್ನು ಬೋರ್ತೊಲಜ್ಜನ ಮೇಜಿಗೆ ಎಳೆದುಕೊಂಡು ದನಿ ತಗ್ಗಿಸಿದರು.

"ಹೇಳಿ."

"ಮೂವತ್ತೊಂದು ಮನೆ, ಮೂವತ್ತೊಂದು ಗುರುತು. ಕೋಳಿಕಾಲು ದಾಪೊಂತ್ ಮನೇದು. ಪಾಲಿನ ಸೌದೆ ಮಾರೋ ಹಾಗಿಲ್ಲ. ಗುರುತಿನ ಮನೆ ಒಲೇಲೇ ಉರೀಬೇಕು. ಇದನ್ನ ಎರ್ಮೆಸ್ ಮಾರಿದಾನೆ, ಬೇರೆ ಸೌದೆ ಜೊತೆ ಬೆರಸಿ. ಅವನ ಕೈ ಸೇದಿಹೋಗ."

"ದಾಪೊಂತ್ ಮನೇಲಿ ಯಾರಿದಾರೆ?"

"ತೀತಾ ದಾಪೊಂತ್ ಅಕ್ಟೋಬರಲ್ಲಿ ಸತ್ತ. ಗಂಡುಮಕ್ಕಳಿಲ್ಲ. ಅವನ ತಮ್ಮನ ಮಗ ಈ ಎರ್ಮೆಸ್, ಮನೆಯ ಪಾಲು ಇನ್ನು ನಂದು ಅಂತ ಸೌದೆ ಹೊತ್ಕೊಂಡು ಹೋದ. ಮಗಳು, ಇಲ್ಲ, ನಾನಿದೀನಿ ಅಂದ್ಲು. ಕೂಟದ ಕಟ್ಟಳೆ ಪುಸ್ತಕ ತೆಗೆದು ನೋಡಿದ್ವಿ. ಮಗಳಿಗೂ ಹಕ್ಕಿದೆ, ಆದ್ರೆ ಅಪ್ಪ ಸತ್ತ ಮೊದಲನೇ ಚಳಿಗಾಲ ಆ ಮನೆ ಒಲೇನ ಆ ಮನೆ ಸೌದೆಯಿಂದ್ಲೇ ನಲವತ್ತು ದಿನ, ಒಂದೂ ತಪ್ಪದೆ ಉರಿಸ್ಬೇಕು. ಒಂದು ದಿನ ಹೊಗೆ ಕಾಣ್ಲಿಲ್ಲ ಅಂದ್ರೆ ಗಂಡುದಿಕ್ಕಿಗೆ, ಅಂದ್ರೆ ಎರ್ಮೆಸ್‌ಗೆ, ಹೋಯ್ತು."

"ಅದಕ್ಕೇ ಎರ್ಮೆಸ್ ಸೌದೆ ಮಾರಿದ."

"ಉರಿಸೋಕೆ ಇರಬಾರ್ದು ಅಂತ. ನನಗೆ ಈಗ ತಿಳೀತು."

"ಮಗಳು ಉರಿಸ್ತಿದಾಳಾ?"

"ಜನವರಿ ಆರರಿಂದ. ದಿನಾ ಸಂಜೆ ನಾಲ್ಕಕ್ಕೆ ಹೊಗೆ ಏಳುತ್ತೆ, ನಾನು ಕಿಟಕಿಯಿಂದ ಎಣಿಸ್ತೀನಿ. ಇವತ್ತಿಗೆ ಮೂವತ್ತೊಂಬತ್ತು. ನಾಳೆ ಐದರ ಗಂಟೆ ಹೊಡೆದಾಗ ನಾನೇ ಹೋಗಿ ಹೊಸ್ತಿಲಲ್ಲಿ ನಿಂತು ಮನೆ ಹೆಸರು ಕೂಗ್ಬೇಕು. ಒಳಗಿಂದ ಉತ್ತರ ಬಂದ್ರೆ ಮುಗೀತು, ಒಲೆ ಅವಳದ್ದು."

"ಮಗಳ ಹೆಸರು?"

"ಅಲ್ಬೀನ. ಈಗ ನಿಮಗೆ ಬಡಿಸಿದ್ಲಲ್ಲ."

ಮೆಲಿಸ್ ಹಣೆ ಹಿಡಿದುಕೊಂಡರು. "ಮಂಗಳವಾರ ಮನೆಗೇ ಬಂದು ಕೇಳಿದ್ನಲ್ಲ ಅಜ್ಜ! ಯಾಕೆ ಹೇಳ್ಲಿಲ್ಲ?"

"ನೀವು ಸೌದೆ ಬಗ್ಗೆ ಕೇಳಿದ್ರಿ. ಇದು ಹೊಗೆ ಬಗ್ಗೆ."

"ಆ ಸೌದೆ ಅವಳಿಗೆ ಎಲ್ಲಿಂದ ಬರ್ತಿದೆ ಅಂತ ಒಂದ್ಸಲಾನೂ ಅನ್ನಿಸ್ಲಿಲ್ವಾ?"

"ಎಲ್ಲಿಂದ ಬಂತು ಅಂತ ಕೇಳೋಕೆ ಪುಸ್ತಕದಲ್ಲಿಲ್ಲ."

ಫುರ್ಲಾನ್ ತನ್ನ ಮೇಜಿನಲ್ಲೇ ಕುಳಿತು ನೋಟ್‌ಬುಕ್ ನೋಡುತ್ತಿದ್ದಳು. ಅವಳ ತಟ್ಟೆಯಿಂದ ಟೊಮೆಟೊ ರಸ ತೊಟ್ಟಿಕ್ಕಿ ಮೇಜಿನ ಮೇಲೆ ಹಾಸಿದ್ದ ಕಾಗದದಲ್ಲಿ ಹರಡುತ್ತಿತ್ತು. ಅವಳು ಆ ಕಲೆಯನ್ನೇ ದಿಟ್ಟಿಸಿದಳು. ಆಮೇಲೆ ಎದ್ದು ಒಂದೊಂದೇ ಮೇಜು ನೋಡುತ್ತಾ ಒಂದು ಸುತ್ತು ಬಂದಳು.

"ಸಾಬಾತೊ ಅವರೇ, ನಿಮ್ಮಲ್ಲಿ ಮೇಜುಬಟ್ಟೆ ಎಲ್ಲಿ?"

"ಮೇಜುಬಟ್ಟೆನಾ? ಡಿಸೆಂಬರಲ್ಲೇ ಬುಟ್ಬುಟ್ಟೆ ತಾಯಿ. ಬರೀ ಕಾಗದ. ಯಾಕೆ, ಅದೂ ಕದ್ರಾ?"

ಫುರ್ಲಾನ್ ಮೆಲಿಸ್‌ರ ಕಡೆ ತಿರುಗಿದಳು. ಅವಳ ಮುಖ ಅಳುವಂತಾಗಿತ್ತು. "ಎರಡು ದಿನ ನನ್ನ ಮುಂದೇನೇ ಬುಟ್ಟಿ ಹಿಡ್ಕೊಂಡು ಹೋದ್ರು, ಸಾರ್. ನಾನು ನಮಸ್ಕಾರ ಬೇರೆ ಹೇಳ್ದೆ."

ಫೆಬ್ರವರಿ 14, ಶನಿವಾರ.

ಮಧ್ಯಾಹ್ನ 3 ಗಂಟೆ 5 ನಿಮಿಷಕ್ಕೆ ಅಲ್ಬೀನ ಬುಟ್ಟಿ ಹಿಡಿದು ಹೊರಬಂದಳು. ಮೇಲೆ ಒಂದು ಹಳೆಯ ಮೇಜುಬಟ್ಟೆ ಮುಚ್ಚಿತ್ತು. ಬುಟ್ಟಿಯ ಭಾರಕ್ಕೆ ಒಂದು ಹೆಗಲು ವಾಲಿತ್ತು.

"ಇಲ್ಲೇ ಹಿಡಿಯೋಣ್ವಾ ಸಾರ್?"

"ಮಾಲು ಎಲ್ಲಿಗೆ ಹೋಗುತ್ತೆ ಅಂತ ಖಚಿತ ಆಗ್ಬೇಕು. ಬರೀ ಬುಟ್ಟಿ ಹಿಡಿದ್ರೆ ಕೇಸು ನಿಲ್ಲಲ್ಲ."

"ಎಲ್ಲಿಗೆ ಹೋಗುತ್ತೆ ಅಂತ ಗೊತ್ತಲ್ಲ ಸಾರ್?"

"ಅಜ್ಜ ಹೇಳಿದ್ದು ಗೊತ್ತು. ನಾವು ನೋಡಿದ್ದು ಗೊತ್ತಿಲ್ಲ. ನಡಿ."

ಚರ್ಚಿನ ಹಿಂದಿನ ಓಣಿ ಹತ್ತಿ ಅವಳು ಕೊನೆಯ ಮನೆಗೆ ಹೋದಳು. ಕಲ್ಲಿನ ಕೆಳಮಹಡಿ, ಮರದ ಮೇಲ್ಮಹಡಿ, ಬಾಗಿಲ ಮೇಲಿನ ತೊಲೆಯಲ್ಲಿ ಕೋಳಿಕಾಲು. ಪೊಲೀಸರಿಬ್ಬರೂ ಎದುರಿನ ಹುಲ್ಲುಮನೆಯ ನೆರಳಲ್ಲಿ ಕಾದರು. ಮೆಲಿಸ್‌ರ ಬೂಟಿನೊಳಗೆ ಹಿಮ ಕರಗಿ ಕಾಲ್ಬೆರಳು ಜೋಮು ಹಿಡಿದವು. ಅವರು ಸಾರ್ದೇನ್ಯದ ಭಾಷೆಯಲ್ಲಿ ಏನೋ ಬೈದುಕೊಂಡರು. 4 ಗಂಟೆಗೆ ಹೊಗೆಗೂಡಿನಿಂದ ಮೊದಲು ಒಂದೆಳೆ, ಆಮೇಲೆ ಒಂದು ಜಡೆಯಷ್ಟು ಹೊಗೆ ಎದ್ದಿತು. 4 ಗಂಟೆ 10 ನಿಮಿಷಕ್ಕೆ ಅವರು ಬಾಗಿಲು ತಟ್ಟಿದರು.

ಅಲ್ಬೀನ ಬಾಗಿಲು ತೆರೆದಳು. ಕೈಯಲ್ಲಿ ಊದುಕೊಳವೆ ಇತ್ತು.

"ನಿನ್ನೆನೇ ಬರ್ತೀರ ಅಂದ್ಕೊಂಡಿದ್ದೆ," ಎಂದಳು. "ಬೂಟು ಒರೆಸ್ಕೊಂಡು ಬನ್ನಿ."

ಒಳಗೆ ಒಂದು ಮೇಜು, ಒಂದು ಬೆಂಚು, ಉರಿಯುವ ಒಲೆ. ಒಲೆಯ ಪಕ್ಕದಲ್ಲಿ ಎರಡು ಕೊರಡು ಉಳಿದಿದ್ದವು. ಒಂದರ ತುದಿಯಲ್ಲಿ ಫುರ್ಲಾನ್‌ಳ ಪೆನ್ಸಿಲಿನ ಸಂಖ್ಯೆ, ಎಪ್ಪತ್ತೊಂದು.

"ಸಾರ್, ಬೆಂಕಿ ಆರಿಸ್ಲಾ?" ಎಂದಳು ಫುರ್ಲಾನ್. "ಉರೀತಿರೋದು ಕಳುವಿನ ಮುದ್ದೆಮಾಲು."

ಅಲ್ಬೀನ ಒಲೆಗೆ ಬೆನ್ನು ಕೊಟ್ಟು ನಿಂತಳು. ಗೋಡೆಯ ಗಡಿಯಾರದಲ್ಲಿ 4 ಗಂಟೆ 14 ನಿಮಿಷ.

"ಪಂಚರು ಬರೋ ತನಕ ಸ್ಥಳದಲ್ಲಿ ಏನನ್ನೂ ಮುಟ್ಟೋ ಹಾಗಿಲ್ಲ," ಎಂದು ಮೆಲಿಸ್ ರೇಗಿದರು. "ಇದನ್ನೂ ನಾನೇ ಹೇಳಿಕೊಡ್ಬೇಕಾ? ಉರೀತಿದ್ರೆ ಉರೀತಿದೆ ಅಂತ ಬರಿ. ಫೋನ್ ಮಾಡು. ಬೋರ್ತೊಲಜ್ಜ ಒಬ್ಬ. ಇನ್ನೊಬ್ಬ ಸಾಬಾತೊ."

ಸಾಬಾತೊನ ಕೂಗು ಫೋನಿನಿಂದ ಕೋಣೆಗೆಲ್ಲ ಕೇಳಿಸಿತು. "ಅಲ್ಬೀನನಾ? ನಮ್ಮ ಅಲ್ಬೀನನಾ?" ಆಮೇಲೆ, "ನಾನೆಂಗೆ ಬರ್ಲಿ ಸಾಮಿ, ಅರವತ್ತು ಜೋಡಿಗೆ ಹೃದಯದ ಆಕಾರದಲ್ಲಿ ತಟ್ಬೇಕು. ವಯೋರಿಕನ ಕಳಿಸ್ತೀನಿ. ನನ್ನ ಸೌದೆ ವಾಪಸ್ ಬತ್ತದಾ?"

"ಬೂದಿ ಬರುತ್ತೆ," ಎಂದು ಮೆಲಿಸ್ ಫೋನ್ ಇಟ್ಟರು.

4 ಗಂಟೆ 35 ನಿಮಿಷಕ್ಕೆ ವಯೋರಿಕ ಬಂದಳು. ಏಪ್ರನ್ ಬಿಚ್ಚಿರಲಿಲ್ಲ. ಒಲೆ ನೋಡಿದಳು, ಕೊರಡು ನೋಡಿದಳು, ಕೊನೆಗೆ ಅಲ್ಬೀನಳನ್ನು ನೋಡಿದಳು.

"ಅಲ್ಬೀನಕ್ಕ. ಈ ವಾರ ಎಲ್ಲಾ ನನ್ನ ಪಕ್ಕದಲ್ಲೇ ನಿಂತು ತಟ್ಟೆ ಒರೆಸ್ದೆ. ನನ್ನ ಪೆಟ್ಟಿಗೆ ಕಟ್ಟಿ ಇಟ್ಟಿದೀನಿ ಅಂತ ನಿನಗೆ ಗೊತ್ತಿತ್ತು."

"ಇವತ್ತು ಐದಾದ್ಮೇಲೆ ನಾನೇ ಬಂದು ಸಾಬಾತೊಗೆ ಹೇಳೋಳಿದ್ದೆ."

"ಐದಾದ್ಮೇಲೆ! ಸೋಮವಾರ ಹೇಳಕ್ಕಾಗ್ತಿರ್ಲಿಲ್ವಾ?"

"ಸೋಮವಾರಕ್ಕೆ ಮೂವತ್ತೈದು ದಿನ ಆಗಿತ್ತು. ಮೂವತ್ತೈದಕ್ಕೆ ಏನೂ ಸಿಗಲ್ಲ, ವಯೋರಿಕ."

"ನಂಗೂ ಒಂಬತ್ತು ವರ್ಷ ಆಗಿತ್ತು," ಎಂದಳು ವಯೋರಿಕ. "ಅದಕ್ಕೂ ಏನೂ ಸಿಗ್ತಿರ್ಲಿಲ್ಲ." ಬೆಂಚಿನ ತುದಿಯಲ್ಲಿ, ಆದಷ್ಟು ದೂರ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ ಬೆಂಕಿ ತಗ್ಗುವುದನ್ನು ನೋಡಿ, ಯಾರನ್ನೂ ಉದ್ದೇಶಿಸದೆ, "ಅದಕ್ಕೆ ಊದ್ಬೇಕು," ಎಂದಳು. ಅಲ್ಬೀನ ಊದಿದಳು. ಫುರ್ಲಾನ್ ಬೇರೆ ಕಡೆ ನೋಡಿದಳು.

ಪಂಚನಾಮೆ ಬರೆಯುವುದೆಂದರೆ ಮೆಲಿಸ್‌ಗೆ ಹಲ್ಲುನೋವಿನ ಸಮ. ಅರ್ಧ ಪುಟ ಮೀರಿದ್ದನ್ನು ಠಾಣೆಯಲ್ಲಿ ಯಾರೂ ಕಂಡಿರಲಿಲ್ಲ. ಆ ದಿನ ಅವರು ನಾಲ್ಕು ಪುಟ ಬರೆದರು. ಕೋಣೆಯ ಉದ್ದಗಲ, ಕಿಟಕಿಯ ದಿಕ್ಕು, ಎರಡು ಕೊರಡಿನ ಅಳತೆ, ಕೋಳಿಕಾಲಿನ ಮೂರು ಗೆರೆಗಳ ಪ್ರತ್ಯೇಕ ಉದ್ದ. ನಡುವೆ ಆರೋಪಿಯ ಹೇಳಿಕೆ.

"ಕದ್ದದ್ದು ಒಪ್ಕೊಳ್ತೀಯಾ?"

"ಸಾಬಾತೊನ ಮನೆಯಿಂದ ತಂದೆ. ಹೌದು."

"ಎಷ್ಟು?"

"ಇನ್ನೂರ ಇಪ್ಪತ್ತೆಂಟು. ಕೋಳಿಕಾಲು ಇರೋದು ಮಾತ್ರ. ಬೇರೆ ಒಂದು ಕಡ್ಡಿ ಮುಟ್ಟಿಲ್ಲ."

"ಯಾಕೆ? ಈ ಮನೇಲಿ ನೀನು ವಾಸ ಇಲ್ಲ. ಕಾಡಿನ ಪಾಲು ಅಂದ್ರೆ ವರ್ಷಕ್ಕೆ ನಾಲ್ಕು ಮರ. ಅದಕ್ಕಾಗಿ ಇಷ್ಟಾ?"

ಅಲ್ಬೀನ ಊದುಕೊಳವೆಯನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಮರ ಅಲ್ಲ ಸಾರ್. ನಾನು ಚಿಕ್ಕೋಳಿದ್ದಾಗಿಂದ ಅಪ್ಪ ಕೂಟಕ್ಕೆ ಹೋಗೋವಾಗ ನಾನೂ ಹೋಗ್ತಿದ್ದೆ. ಹೆಂಗಸ್ರು ಒಳಗೆ ಹೋಗೋ ಹಾಗಿರ್ಲಿಲ್ಲ. ಅಪ್ಪನ ಕೋಟು ಹಿಡ್ಕೊಂಡು ಬಾಗಿಲ ಹೊರಗೆ ಹಿಮದಲ್ಲಿ ನಿಂತಿರ್ತಿದ್ದೆ. ಒಳಗೆ ಒಂದೊಂದೇ ಮನೆ ಹೆಸರು ಕೂಗ್ತಿದ್ರು. ನಮ್ಮ ಮನೆ ಹೆಸರು ಬಂದಾಗ ಅಪ್ಪನ ದನಿ. ಅಪ್ಪಂಗೆ ಕಾಲು ಹೋದ್ಮೇಲೆ ಎರ್ಮೆಸನ ದನಿ. ಅಪ್ಪನ ಔಷಧಿ, ಅಪ್ಪನ ಒಲೆ, ಎಲ್ಲಾ ನಾನು ನೋಡ್ಕೊಂಡೆ. ಹೆಸರಿಗೆ ಉತ್ತರ ಕೊಟ್ಟಿದ್ದು ಅವನು. ನಲವತ್ತೈದು ವರ್ಷ ನಮ್ಮ ಮನೆ ಹೆಸರನ್ನ ಹೊರಗಿಂದಾನೇ ಕೇಳಿಸ್ಕೊಂಡಿದೀನಿ."

ಮೆಲಿಸ್ ಅದನ್ನು ಅವಳ ಮಾತಿನಲ್ಲೇ ಬರೆದುಕೊಂಡರು. ಒಂದು ಪದ ಕಡಿಮೆ ಮಾಡಲಿಲ್ಲ.

ಹೊರಗೆ ಕೋಲಿನ ಸದ್ದು ಕೇಳಿಸಿತು. 4 ಗಂಟೆ 56 ನಿಮಿಷ. ಬೋರ್ತೊಲಜ್ಜ ಹೊಸ್ತಿಲಾಚೆ ನಿಂತು ಹೊಗೆಗೂಡಿನ ಕಡೆ ತಲೆಯೆತ್ತಿ ನೋಡಿದ.

"ಬನ್ನಿ ಅಜ್ಜ, ಪಂಚರ ಸಹಿ ಬೇಕು," ಎಂದು ಫುರ್ಲಾನ್ ಕರೆದಳು.

"ಗಂಟೆ ಆಗ್ಲಿ."

"ನಾಲ್ಕು ನಿಮಿಷಕ್ಕೇನು, ಚಳಿ ಇದೆ, ಒಳಗೆ ಬನ್ನಿ."

"ಗಂಟೆ ಆಗ್ಲಿ ಅಂದೆ."

ಎಲ್ಲರೂ ಕಾದರು. ಅಲ್ಬೀನ ಎಪ್ಪತ್ತೊಂದನೇ ಕೊರಡಿನ ಕಡೆ ನೋಡಿದಳು. ಅದು ಈಗ ಪಟ್ಟಿಗೆ ಸೇರಿದ ಸರ್ಕಾರಿ ವಸ್ತು. ಒಲೆಯೊಳಗೆ ಕೊನೆಯ ಕೊರಡು ನಡುವಿನಿಂದ ಮುರಿದು, ಎರಡು ಕೆಂಡವಾಗಿ, ನಿಂತು ಉರಿಯಿತು.

ಚರ್ಚಿನ ಗಂಟೆ ಹೊಡೆಯತೊಡಗಿತು. ಅದು ನಿಂತ ಮೇಲೆ ಬೋರ್ತೊಲಜ್ಜ ಟೋಪಿ ತೆಗೆದು, ಒಳಗೆ ಪೊಲೀಸರಿರುವುದು ತನಗೆ ಸಂಬಂಧಿಸಿದ್ದಲ್ಲ ಎಂಬಂತೆ, ಓಣಿಗೆಲ್ಲ ಕೇಳುವ ಹಾಗೆ ಕೂಗಿದ.

"ದಾಪೊಂತ್ ಒಲೆ!"

ಅಲ್ಬೀನ ಎದ್ದು ನಿಂತಳು. ಬಾಗಿಲಾಚೆಯ ಹಿಮವನ್ನೇ ನೋಡಿದಳು. ವಯೋರಿಕ ಬೆಂಚಿನ ತುದಿಯಿಂದ ಸಿಡುಕಿದಳು: "ಹೇಳಕ್ಕ, ಇದಕ್ಕೇ ತಾನೇ ಇಷ್ಟೆಲ್ಲ ಮಾಡಿದ್ದು!"

"ಉರೀತಿದೆ," ಎಂದಳು ಅಲ್ಬೀನ.

"ಯಾರು ಹೇಳ್ತಿರೋದು?"

"ಅಲ್ಬೀನ. ತೀತಾನ ಮಗಳು."

ಮುದುಕ ಟೋಪಿ ಹಾಕಿಕೊಂಡು, ಬೂಟು ಒರೆಸಿಕೊಂಡು ಒಳಗೆ ಬಂದ. ಪಂಚನಾಮೆಯ ನಾಲ್ಕೂ ಪುಟವನ್ನು ಕನ್ನಡಕ ಏರಿಸಿಕೊಂಡು ಓದಿದ. ಮೂರನೇ ಪುಟದಲ್ಲಿ ‘ಒಲೆಯು ಉರಿಯುತ್ತಿರುವುದು ಕಂಡುಬಂದಿರುತ್ತದೆ’ ಎಂಬ ಸಾಲಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನಿಂತ. ಸಹಿ ಹಾಕಿದ. ಪೆನ್ನು ವಯೋರಿಕಳ ಕೈಗೆ ಬಂತು.

"ಇದರಲ್ಲಿ ನಾನು ಯಾವ ಕಾಲಂ ಸಾರ್?"

"ಸಾಕ್ಷಿ."

"ಸೋಮವಾರ ಬೇರೆ ಇತ್ತು."

"ಅದನ್ನ ಹೊಡೆದುಹಾಕಿದೀನಿ. ಸಾಬಾತೊಗೆ ನಾನೇ ಬರೆದು ಕೊಡ್ತೀನಿ, ಮೊಹರು ಹಾಕಿ."

ವಯೋರಿಕ ಸಾಕ್ಷಿ ಎಂಬ ಪದವನ್ನು ಎರಡು ಸಲ ಓದಿ, ಪೂರ್ತಿ ಹೆಸರು ಬರೆದಳು, ದೊಡ್ಡ ಅಕ್ಷರದಲ್ಲಿ.

ಅಲ್ಬೀನ ಕೆಂಡದ ಮೇಲೆ ಬೂದಿ ಎಳೆದು ಮುಚ್ಚಿದಳು, ಊದುಕೊಳವೆಯನ್ನು ಮೂಲೆಯಲ್ಲಿ ನಿಲ್ಲಿಸಿದಳು, ಕೋಟು ಹಾಕಿಕೊಂಡಳು. 5 ಗಂಟೆ 20 ನಿಮಿಷಕ್ಕೆ ಇನ್ಸ್‌ಪೆಕ್ಟರ್ ಮೆಲಿಸ್ ಅವಳನ್ನು ಅವಳ ಮನೆಯಲ್ಲಿ ಬಂಧಿಸಿದರು.